ಖಾಲಿ ತೊಟ್ಟಿಲು ತೂಗಬಾರದು

ಗುರುವಾರ, ಪ್ಲಿಮತ್

ಮಗಳು ನಯಾಗರಕ್ಕೆ ಕರೆದೊಯ್ಯುವುದಾಗಿ ಹೇಳಿದ್ದಳು. ನಾನೇ ಬೇಡವೆಂದೆ. ಬೆಳ್ತಂಗಡಿ ಕಡೆಯವಳಿಗೆ ನೀರು ಬೀಳುವುದನ್ನು ನೋಡಲು ವಿಮಾನ ಹತ್ತಿ ಬರಬೇಕಾಗಿಲ್ಲ. ಆಷಾಢದಲ್ಲಿ ಹಿತ್ತಲಿಗೆ ಹೋದರೆ ಸಾಕು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡುವೆ ಕಳೆದವಳು ನಾನು. ಈ ದೇಶದಲ್ಲಿ ಮೊದಮೊದಲು ಮಕ್ಕಳು ಹೇಗೆ ಬೆಳೆದರು, ಯಾವುದರಲ್ಲಿ ಮಲಗಿದರು, ಏನು ಓದಿದರು ಎಂದು ನೋಡುವ ಆಸೆಯಿತ್ತು. ಮಗಳ ಮನೆ ಇರುವುದು ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿ. ಹಳೆಯ ಅಮೆರಿಕವನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಳಿಯ ನಾಲ್ಕು ದಿನ ರಜೆ ಹಾಕಿದ. ಐದು ವರ್ಷದ ಮೊಮ್ಮಗ ಪುಟ್ಟ, "ಅಜ್ಜಿ, ಡೈನೋಸಾರ್ ಇದೆಯಾ?" ಎಂದು ಕೇಳಿ, ಇಲ್ಲವೆಂದು ತಿಳಿದ ಮೇಲೂ ಕಾರು ಹತ್ತಿದ.

ಪ್ಲಿಮತ್‌ನಲ್ಲಿ ಸಣ್ಣಗೆ ಮಳೆ. ಎಲ್ಲರೂ ಮೊದಲು ಹೋಗುವುದು ಸಮುದ್ರದ ಬದಿಯ ಬಂಡೆಯ ಹತ್ತಿರ. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ನೆಲೆಸಲು ಬಂದವರು ಕಾಲಿಟ್ಟ ಕಲ್ಲೆಂದು ಪ್ರತೀತಿ. ಕಲ್ಲುಕಂಬಗಳ ಮಂಟಪದ ಕೆಳಗೆ ತಗ್ಗಿನಲ್ಲಿ, ನಮ್ಮ ಹೊಳೆಬದಿಯ ಬಟ್ಟೆ ಒಗೆಯುವ ಕಲ್ಲಿನಂಥದ್ದೊಂದು ಬಿದ್ದಿದೆ, ಮೇಲೆ ಇಸವಿ ಕೆತ್ತಿದ್ದಾರೆ. ಎರಡು ನಿಮಿಷಕ್ಕೆ ಮುಗಿಯಿತು.

ಪಿಲ್ಗ್ರಿಮ್ ಹಾಲ್ ಮ್ಯೂಸಿಯಂ ಹಾಗಲ್ಲ. 1824ರಲ್ಲಿ ತೆರೆದ ಈ ಕಟ್ಟಡ ಅಮೆರಿಕದ ತೀರಾ ಹಳೆಯ ಸಂಗ್ರಹಾಲಯಗಳಲ್ಲೊಂದು. ಅಲ್ಲಿ ಗಾಜಿನ ಹಿಂದೆ ಒಂದು ಹೆಣೆದ ತೊಟ್ಟಿಲಿದೆ. ತಲೆಯ ಕಡೆ ಗೂಡಿನಂತೆ ಬಾಗಿದ ಮುಚ್ಚಿಗೆ, ಅಡಿಯಲ್ಲಿ ತೂಗುವುದಕ್ಕೆ ಬಾಗಿದ ಮರದ ಪಟ್ಟಿ. ಬಸುರಿಯಾಗಿದ್ದ ಸುಸಾನಾ ವೈಟ್ ಎಂಬಾಕೆ ಹುಟ್ಟಲಿರುವ ಮಗುವಿಗಾಗಿ ಹಡಗಿನಲ್ಲಿ ತಂದದ್ದು ಎಂದು ಆ ಮನೆತನದವರು ಹೇಳುತ್ತ ಬಂದಿದ್ದಾರೆ. 1620ರ ನವೆಂಬರಿನಲ್ಲಿ ಹಡಗು ಕೇಪ್ ಕಾಡ್ ಬಳಿ ಲಂಗರು ಹಾಕಿದ್ದಾಗಲೇ ಆಕೆ ಹೆತ್ತಳು. ಮಗುವಿಗೆ ಇಟ್ಟ ಹೆಸರು ಪೆರೆಗ್ರಿನ್, ಅಂದರೆ ಯಾತ್ರಿಕ. ಆ ಚಳಿಗಾಲ ಮುಗಿಯುವುದರೊಳಗೆ ಹಡಗಿನಲ್ಲಿ ಬಂದ 102 ಮಂದಿಯಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ಸುಸಾನಾಳ ಗಂಡನೂ ಸತ್ತ. ಮೇ ತಿಂಗಳಲ್ಲಿ ಆಕೆ, ಹೆಂಡತಿಯನ್ನು ಕಳೆದುಕೊಂಡಿದ್ದ ಎಡ್ವರ್ಡ್ ವಿನ್‌ಸ್ಲೊ ಎಂಬವನನ್ನು ಮದುವೆಯಾದಳು. ಆ ವಸಾಹತಿನಲ್ಲಿ ನಡೆದ ಮೊದಲ ಮದುವೆ ಅದು. ಪ್ರೇಮ, ದುಃಖ ಎಲ್ಲ ಆಮೇಲೆ. ಒಲೆ ಉರಿಯಬೇಕು, ಮಗು ಬದುಕಬೇಕು. ಬದುಕಿತು ಕೂಡ, ಎಂಬತ್ತು ದಾಟಿ, 1704ರವರೆಗೆ.

ನಮ್ಮಲ್ಲಿ ತೊಟ್ಟಿಲು ಜಂತಿಯಿಂದ ಇಳಿಬೀಳುತ್ತದೆ. ಹಗ್ಗ ಹಿಡಿದು ತೂಗುತ್ತೇವೆ. ಇದು ನೆಲದ ತೊಟ್ಟಿಲು, ತಾಯಿ ಕಾಲಿನಿಂದ ಒತ್ತಿದರೆ ಸಾಕು. ಎರಡೂ ಕೈ ನೂಲುವುದಕ್ಕೋ ಹೊಲಿಯುವುದಕ್ಕೋ ಬಿಡುವು. ಹೀಗೆ ಲೆಕ್ಕ ಹಾಕುತ್ತ ನಿಂತಿದ್ದಾಗ ಪುಟ್ಟ ಗಾಜಿಗೆ ಅಂಗೈ ಒತ್ತಿ, ತೊಟ್ಟಿಲು ತೂಗುವವನಂತೆ ಮೈ ಆಡಿಸತೊಡಗಿದ. ನನಗೇ ಗೊತ್ತಿಲ್ಲದಂತೆ ಅವನ ಕೈ ಹಿಡಿದೆ. ಖಾಲಿ ತೊಟ್ಟಿಲು ತೂಗಬಾರದು. "ವೈ?" ಎಂದ. ಉತ್ತರ ನನಗೂ ಗೊತ್ತಿಲ್ಲ. ನನ್ನ ಅಜ್ಜಿ ಹೇಳಿದ್ದನ್ನು ನಾನು ಹೇಳಿದೆ ಅಷ್ಟೆ.

ಅದೇ ಮ್ಯೂಸಿಯಮ್ಮಿನಲ್ಲಿ ಒಂದು ಉದ್ದನೆಯ, ಪಟ್ಟಿಯಂಥ ಬಟ್ಟೆ. 1653ರ ಸುಮಾರಿಗೆ ಲೋರಾ ಸ್ಟ್ಯಾಂಡಿಶ್ ಎಂಬ ಹುಡುಗಿ ಹಾಕಿದ ಕಸೂತಿ. ಅಮೆರಿಕದಲ್ಲಿ ತಯಾರಾದ, ಕಸೂತಿ ಕಲಿಯಲು ಹಾಕುತ್ತಿದ್ದ ಇಂಥ ಮಾದರಿ ಬಟ್ಟೆಗಳಲ್ಲಿ ಇದೇ ಅತ್ಯಂತ ಹಳೆಯದು ಎನ್ನುತ್ತಾರೆ. ಮೇಲಿನಿಂದ ಕೆಳಕ್ಕೆ ಸಾಲುಸಾಲು ವಿನ್ಯಾಸ, ಕೊನೆಯಲ್ಲಿ ಅಕ್ಷರ: ಲೋರಾ ಸ್ಟ್ಯಾಂಡಿಶ್ ನನ್ನ ಹೆಸರು, ದೇವರೇ ನಿನ್ನ ಇಚ್ಛೆಯಂತೆ ನಡೆಯುವ ಮನಸ್ಸು ಕೊಡು, ಕೈಗೂ ತಕ್ಕ ಕುಶಲತೆ ಕೊಡು. ಕಸೂತಿಯ ಒಂದೊಂದು ಎಳೆಯೂ ಅಷ್ಟು ನೇರ. ನನ್ನ ತರಗತಿಯಲ್ಲಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಜೊತೆಗೆ, ಹೊರಗೆ ಹೋಗಿ ಸ್ವಲ್ಪ ಆಡಿ ಬಾ ಎಂದೂ ಹೇಳುತ್ತಿದ್ದೆ. ಲೋರಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ವಸಾಹತಿನ ಸೇನಾ ನಾಯಕನಾಗಿದ್ದ ಅವಳ ಅಪ್ಪ ಮೈಲ್ಸ್ ಸ್ಟ್ಯಾಂಡಿಶ್, ತನ್ನನ್ನು ಮಗಳ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಉಯಿಲಿನಲ್ಲಿ ಬರೆಸಿದ.

ಆಗಲೇ ನನಗೊಂದು ಸಂಶಯ ಶುರುವಾಯಿತು. ಮಕ್ಕಳು ನಿಜವಾಗಿ ಬಳಸಿದ ವಸ್ತು ಉಳಿಯುವುದಿಲ್ಲ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನಿಂದ ಒರೆಸುವ ಬಟ್ಟೆಗೆ, ಅಲ್ಲಿಂದ ತಿಪ್ಪೆಗೆ. ಪೆಟ್ಟಿಗೆಯಲ್ಲಿ ಮಡಚಿ ಇಟ್ಟದ್ದು, ಸತ್ತ ಮಗುವಿನದ್ದೆಂದು ಮುಟ್ಟದೆ ಬಿಟ್ಟದ್ದು, ಬಡವರಿಗೆ ಎಟುಕದಷ್ಟು ಬೆಲೆಯದ್ದು, ಇವು ಮ್ಯೂಸಿಯಂ ಸೇರುತ್ತವೆ. ಮುಂದಿನ ಮೂರು ದಿನ ಈ ಸಂಶಯವನ್ನು ಚೀಲದಲ್ಲಿಟ್ಟುಕೊಂಡೇ ಓಡಾಡಿದೆ.

ಅಂಗಡಿಯಲ್ಲಿ ಹಳೆಯ ನ್ಯೂ ಇಂಗ್ಲೆಂಡ್ ಪ್ರೈಮರಿನ ಮರುಮುದ್ರಣ ಮಾರುತ್ತಿದ್ದರು. ನ್ಯೂ ಇಂಗ್ಲೆಂಡ್ ಎಂದರೆ ಅಮೆರಿಕದ ಈ ಈಶಾನ್ಯ ಭಾಗ. 1690ರ ಸುಮಾರಿನಿಂದ ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಸಿದ ಬಾಲಬೋಧೆ ಇದು. ನಾವು ಅ ಅಗಸ, ಆ ಆಟ ಎಂದು ಶುರು ಮಾಡಿದವರು. ಇವರ ಮೊದಲ ಅಕ್ಷರಕ್ಕೆ ಆದಾಮನ ಪತನ, ಅದರಿಂದ ನಾವೆಲ್ಲ ಪಾಪಿಗಳು. ಎಕ್ಸ್ ಅಕ್ಷರಕ್ಕೆ ಪರ್ಷಿಯಾದ ದೊರೆ: ಮಹಾ ಕ್ಸರ್ಕ್ಸಸ್ ಸತ್ತ, ನೀನೂ ಸಾಯುತ್ತೀ, ನಾನೂ ಸಾಯುತ್ತೇನೆ. ಐದು ವರ್ಷದ ಮಗುವಿಗೆ! ಆದರೆ ಮನೆಯಲ್ಲಿ ವರ್ಷ ಬಿಟ್ಟು ವರ್ಷ ಒಂದು ತೊಟ್ಟಿಲು ಖಾಲಿಯಾಗುತ್ತಿದ್ದ ಕಾಲದಲ್ಲಿ ಇದು ಮಗುವಿಗೆ ಹೊಸ ಸುದ್ದಿಯೇನೂ ಆಗಿರಲಿಕ್ಕಿಲ್ಲ.

ಶುಕ್ರವಾರ, ವೂಸ್ಟರ್ ಮತ್ತು ಸ್ಟರ್‌ಬ್ರಿಡ್ಜ್

ವೂಸ್ಟರ್ ಕಲಾ ಸಂಗ್ರಹಾಲಯ ಮಗಳ ಮನೆಯಿಂದ ಹೆಚ್ಚು ದೂರವಿಲ್ಲ. ನಾನು ನೋಡಬೇಕಾಗಿದ್ದದ್ದು ಒಂದೇ ಚಿತ್ರ, ಎಲಿಜಬೆತ್ ಫ್ರೀಕ್ ಮತ್ತು ಅವಳ ಕೂಸು ಮೇರಿ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಬಾಸ್ಟನ್ನಿನ ಸಿರಿವಂತ ವ್ಯಾಪಾರಿಯ ಹೆಂಡತಿ ಜರಿಯಂಚಿನ ಬಟ್ಟೆ ತೊಟ್ಟು, ಕೊರಳಿಗೆ ಮುತ್ತಿನ ಸರ ಹಾಕಿಕೊಂಡು ಕುಳಿತಿದ್ದಾಳೆ. ಅವಳನ್ನು ಮೊದಲು ಒಬ್ಬಳನ್ನೇ ಬರೆದದ್ದು 1671ರ ಸುಮಾರಿಗೆ. 1674ರಲ್ಲಿ ಮೇರಿ ಹುಟ್ಟಿದಳು. ಹೊಸ ಚಿತ್ರಕ್ಕೆ ದುಡ್ಡು ಸುರಿಯುವ ಬದಲು ಹಳೆಯದರಲ್ಲೇ ತಾಯಿಯ ಕೈಗಳನ್ನು ತಿದ್ದಿ ಕೂಸನ್ನು ಸೇರಿಸಿದರು. ಕ್ಷ-ಕಿರಣ ಹಾಯಿಸಿದಾಗ ಅಡಿಯ ಗುಟ್ಟು ಹೊರಬಿತ್ತು. ಕುಟುಂಬದ ಗ್ರೂಪ್ ಫೋಟೋಗೆ ಆಮೇಲೆ ಹುಟ್ಟಿದವರನ್ನು ಅಂಟಿಸುವ ಉಪಾಯ ನಮ್ಮೂರ ಸ್ಟುಡಿಯೋದವನದ್ದೇ ಎಂದು ಇಷ್ಟು ದಿನ ತಿಳಿದಿದ್ದೆ.

ವಿಚಿತ್ರವೆಂದರೆ ಆರು ತಿಂಗಳ ಮೇರಿ ಅಮ್ಮನ ಮಡಿಲಲ್ಲಿ ಕೂತಿಲ್ಲ, ನೆಟ್ಟಗೆ ನಿಂತಿದ್ದಾಳೆ. ಆರು ತಿಂಗಳ ಕೂಸು ನಿಲ್ಲುವುದುಂಟೆ? ಕಾರಣ ಅಲ್ಲಿನವರ ನಂಬಿಕೆಯಲ್ಲಿದೆ. ನಾಲ್ಕು ಕಾಲಿನಲ್ಲಿ ಹರಿದಾಡುವುದು ಪಶುವಿನ ಲಕ್ಷಣ, ಮನುಷ್ಯನ ಕೂಸು ಆದಷ್ಟು ಬೇಗ ಎದ್ದು ನಿಲ್ಲಬೇಕು. ಅದಕ್ಕಾಗಿ ಉದ್ದನೆಯ ಗೌನು ತೊಡಿಸುತ್ತಿದ್ದರು; ಅಂಬೆಗಾಲಿಡಲು ಹೋದರೆ ಮೊಣಕಾಲಿಗೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ನಡುವಿನಲ್ಲಿ ತೂತಿರುವ ಮರದ ಚೌಕಟ್ಟಿನೊಳಗೆ ಮಗುವನ್ನು ನಿಲ್ಲಿಸುತ್ತಿದ್ದರು, ಚಕ್ರವಿದ್ದರೆ ಅದೇ ನಡೆಬಂಡಿ. ಬೀಳುವ ಮಕ್ಕಳ ತಲೆಗೆ ಒಳಗೆ ಹತ್ತಿ ತುಂಬಿದ ದಪ್ಪ ಪಟ್ಟಿ ಕಟ್ಟುತ್ತಿದ್ದರು, ಅಂಗಿಯ ಹೆಗಲಿಗೆ ಹಿಡಿದು ನಡೆಸುವ ದಾರ ಹೊಲಿಯುತ್ತಿದ್ದರು. ನಮ್ಮಲ್ಲಿ ದೇವರೇ ಅಂಬೆಗಾಲಿಡುತ್ತಾನೆ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದ ಆ ಕೃಷ್ಣನ ಮುಂದೆ ಮಕ್ಕಳಿಲ್ಲದವರು ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಅದನ್ನು ಈ ಪ್ಯೂರಿಟನ್ನರಿಗೆ, ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಿಗೆ, ತೋರಿಸಿದ್ದರೆ ಹೌಹಾರುತ್ತಿದ್ದರೇನೋ.

ಮಧ್ಯಾಹ್ನ ಓಲ್ಡ್ ಸ್ಟರ್‌ಬ್ರಿಡ್ಜ್ ವಿಲೇಜ್. 1946ರಲ್ಲಿ ತೆರೆದ ಬಯಲು ಮ್ಯೂಸಿಯಂ ಇದು. ನ್ಯೂ ಇಂಗ್ಲೆಂಡಿನ ಊರೂರುಗಳಿಂದ ಹಳೆಯ ಮನೆ, ಅಂಗಡಿ, ಶಾಲೆ, ಚರ್ಚುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ 1830ರ ದಶಕದ ಹಳ್ಳಿಯನ್ನು ಕಟ್ಟಿದ್ದಾರೆ. ಹಳೆಯ ಕಾಲದ ಉಡುಪಿನವರು ಒಲೆ ಉರಿಸುತ್ತಾರೆ, ತವರದ ಪಾತ್ರೆ ಮಾಡುತ್ತಾರೆ, ದನ ಕಟ್ಟುತ್ತಾರೆ. ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ. ಪುಟ್ಟ ಕುರಿಗಳ ಬಳಿ ನಿಂತವನು ಅಲ್ಲಿಂದ ಕದಲಲಿಲ್ಲ. ಅಳಿಯ ಅವನ ಕಾವಲು.

ನಾನು ಶಾಲೆಗೆ ಹೋದೆ. ಒಂದೇ ಕೋಣೆ. ನಾಲ್ಕು ವರ್ಷದ ಕೂಸಿನಿಂದ ಮೀಸೆ ಚಿಗುರುವ ಹುಡುಗನವರೆಗೆ ಎಲ್ಲರೂ ಅದರಲ್ಲೇ. ಬೇಸಿಗೆಯ ಅವಧಿಗೆ ಮೇಷ್ಟ್ರಮ್ಮ, ಏಕೆಂದರೆ ದೊಡ್ಡ ಹುಡುಗರು ಹೊಲದಲ್ಲಿರುತ್ತಿದ್ದರು, ಶಾಲೆಗೆ ಚಿಕ್ಕವರಷ್ಟೇ. ಚಳಿಗಾಲದಲ್ಲಿ ಹೊಲದ ಕೆಲಸ ನಿಂತು ದೊಡ್ಡವರು ಬಂದಾಗ ಗಂಡು ಮೇಷ್ಟ್ರು, ಹೆಚ್ಚು ಸಂಬಳಕ್ಕೆ. ಕಲಿಸುವವರು ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಉಳಿದು ಉಣ್ಣುವ ಪದ್ಧತಿ. ಮೊದಲ ನೇಮಕಾತಿಯಲ್ಲಿ ನನಗೆ ಸಿಕ್ಕಿದ್ದೂ ಏಕೋಪಾಧ್ಯಾಯ ಶಾಲೆಯೇ. ಬಸ್ಸಿಲ್ಲದ ಊರು, ಮಳೆ ಬಂದರೆ ಯಾರದಾದರೂ ಮನೆಯ ಜಗಲಿಯೇ ಗತಿ. ಬೆಂಚಿನ ಮೇಲೆ ಕೂತೆ. ಬೆನ್ನಿಗೆ ಆಸರೆ ಸಾಲದು, ಕಾಲು ತೂಗಾಡುತ್ತದೆ. ಇಲ್ಲಿ ಮೂರು ಗಂಟೆ ಅಲುಗದೆ ಕೂತ ಮಕ್ಕಳು ದೊಡ್ಡವರಾಗಿ ಪಶ್ಚಿಮಕ್ಕೆ ವಲಸೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನನ್ನ ಮನಸ್ಸು ನಿಂತದ್ದು ಬಿಕ್ಸ್‌ಬಿ ಮನೆಯಲ್ಲಿ. ಬ್ಯಾರಿ ಎಂಬ ಊರಿನ ಕಮ್ಮಾರ ಎಮರ್ಸನ್ ಬಿಕ್ಸ್‌ಬಿಯ ಚಿಕ್ಕ ಮನೆ ಅದು. ಹೆಂಡತಿ, ಹೆಣ್ಣುಮಕ್ಕಳು. ಮೇಜಿನ ಮೇಲೆ ಸೀಳಿದ ತಾಳೆಗರಿಯ ರಾಶಿ, ಅರ್ಧ ಹೆಣೆದ ಟೋಪಿ. ಆ ಕಾಲದಲ್ಲಿ ಇಲ್ಲಿನ ಹಳ್ಳಿಯ ಹೆಂಗಸರೂ ಮಕ್ಕಳೂ ಮನೆಯಲ್ಲೇ ಕೂತು ಟೋಪಿ ಹೆಣೆಯುತ್ತಿದ್ದರು. ಗರಿ ಕ್ಯೂಬಾದಿಂದ ಬಂದು ಊರಿನ ಅಂಗಡಿಯವನ ಮೂಲಕ ಮನೆಮನೆ ಸೇರುತ್ತಿತ್ತು. ಹೆಣೆದ ಟೋಪಿ ಅವನಿಗೇ ವಾಪಸು. ಕೂಲಿ ಹೆಚ್ಚಾಗಿ ಕೈಗೆ ಬರುತ್ತಿರಲಿಲ್ಲ, ಖಾತೆಯಲ್ಲಿ ಬರೆದುಕೊಂಡು ಬಟ್ಟೆ, ಸಕ್ಕರೆ, ಚಹಾ ಕೊಡುತ್ತಿದ್ದ.

ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನನ್ನ ತಾಯಿ ಬೀಡಿ ಕಟ್ಟಿ ನಮ್ಮನ್ನು ಓದಿಸಿದವಳು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಶಾಲೆಯಿಂದ ಬಂದ ನಾವು ಎಲೆ ಕತ್ತರಿಸಿ, ಸುತ್ತಿದ ಬೀಡಿಯ ಬಾಯಿ ಮಡಚುವುದು. ಸಂಜೆ ಗೆರಸೆ ತುಂಬಿದ ಮೇಲೆ ಎಣಿಸಿ ಕಟ್ಟು ಮಾಡುವುದು. ಬ್ರಾಂಚಿನವನು ಹತ್ತಿಪ್ಪತ್ತನ್ನು ಸರಿಯಿಲ್ಲವೆಂದು ಆಚೆ ಎಸೆದರೆ ಅಮ್ಮನ ಮುಖ ಇಳಿಯುತ್ತಿತ್ತು. ಆ ಗೆರಸೆ ಈಗ ಎಲ್ಲಿದೆ? ಸವೆದು ಒಲೆ ಸೇರಿರಬೇಕು. ತಾಳೆಗರಿ ಹೆಣೆಯುತ್ತಿದ್ದಾಕೆಯ ಹತ್ತಿರ, ಬಿಕ್ಸ್‌ಬಿ ಮಕ್ಕಳ ಸ್ವಂತದ್ದೇನಾದರೂ ಉಳಿದಿದೆಯೇ ಎಂದು ಮಗಳ ಮೂಲಕ ಕೇಳಿಸಿದೆ. ಮನೆಯನ್ನು ತರುವಾಗ ಅದರ ಅಂಗಳವನ್ನೂ ಅಗೆದು ನೋಡಿದ್ದರಂತೆ. ಮನೆಯವರು ಹೊರಗೆಸೆದ ಕಸವೇ ದೊಡ್ಡ ಸಾಕ್ಷಿಯಾಯಿತಂತೆ. ನನ್ನ ಸಂಶಯಕ್ಕೆ ಬಲ ಬಂತು. ಬಡವರ ಮನೆಯ ದಫ್ತರ ತಿಪ್ಪೆಯಲ್ಲೇ ಇರುತ್ತದೆ.

ಶನಿವಾರ, ಡೀರ್‌ಫೀಲ್ಡ್

ಪಶ್ಚಿಮಕ್ಕೆ ಎರಡು ಗಂಟೆಯೊಳಗಿನ ದಾರಿ. ಕನೆಕ್ಟಿಕಟ್ ನದಿಯ ಕಣಿವೆ, ಉದ್ದಕ್ಕೆ ಒಂದೇ ಬೀದಿ, ಇಕ್ಕೆಲದಲ್ಲೂ ದೊಡ್ಡ ಮರ, ಹಳೆಯ ಮನೆ. ಇಷ್ಟು ಶಾಂತವಾದ ಊರಿನಲ್ಲಿ ಏನಾದರೂ ನಡೆದಿತ್ತೆಂದು ನಂಬುವುದು ಕಷ್ಟ.

ಮೆಮೋರಿಯಲ್ ಹಾಲ್ ಮ್ಯೂಸಿಯಮ್ಮಿನಲ್ಲಿ ಒಂದು ಬಾಗಿಲಿದೆ. ದಪ್ಪ ಹಲಗೆ, ಮೈತುಂಬ ಮೊಳೆ, ನಡುವೆ ಕೊಡಲಿಯಿಂದ ಕಡಿದ ತೂತು. ಫೆಬ್ರವರಿ 29, 1704ರ ಬೆಳಗಿನ ಜಾವ ಫ್ರೆಂಚರೂ ಅವರ ಜೊತೆಗಾರರಾದ ಅಬೆನಾಕಿ, ಮೋಹಾಕ್ ಮೊದಲಾದ ಮೂಲನಿವಾಸಿ ಯೋಧರೂ ಇಂಗ್ಲಿಷರ ಈ ಊರಿನ ಮೇಲೆ ಬಿದ್ದರು. ಊರು ನಿಂತಿದ್ದ ನೆಲವೂ ಮೂಲನಿವಾಸಿಗಳದ್ದೇ, ಪೊಕಮ್‌ಟಕ್ ಜನರದ್ದು. ಅದನ್ನು ಮರೆತರೆ ಕತೆ ಅರ್ಧವೇ ಆಗುತ್ತದೆ. 112 ಮಂದಿಯನ್ನು ಸೆರೆ ಹಿಡಿದು ಹಿಮದಲ್ಲಿ ಸುಮಾರು 300 ಮೈಲಿ ಆಚೆಯ ಕೆನಡಾಕ್ಕೆ ನಡೆಸಿದರು. ಅವರಲ್ಲಿ ಬಹಳ ಜನ ಮಕ್ಕಳು. ಪಾದ್ರಿ ಜಾನ್ ವಿಲಿಯಮ್ಸ್ ಮುಂದೆ ಬಿಡುಗಡೆಯಾಗಿ ಬಂದು ಇದನ್ನೆಲ್ಲ ಬರೆದಿಟ್ಟ. ಹೊರಡುವ ಮೊದಲು ನಮ್ಮ ಶೂಗಳನ್ನು ತೆಗೆದುಕೊಂಡು ಅವರ ಪಾದರಕ್ಷೆ ಕೊಟ್ಟರು, ನಡೆಯಲು ಅನುಕೂಲವಾಗಲೆಂದು, ಎನ್ನುತ್ತಾನೆ. ಬಾಣಂತಿಯಾಗಿದ್ದ ಅವನ ಹೆಂಡತಿಗೆ ನಡೆಯಲಾಗಲಿಲ್ಲ, ದಾರಿಯಲ್ಲೇ ಕೊಂದರು. ಎಳೆಗೂಸು ಅದಕ್ಕೂ ಮೊದಲೇ ಹತವಾಗಿತ್ತು. ಆದರೆ ಏಳು ವರ್ಷದ ಮಗಳು ಯೂನಿಸ್‌ಳನ್ನು ದಾರಿಯುದ್ದಕ್ಕೂ ಎತ್ತಿಕೊಂಡೇ ಹೋದರು, ಬಹಳ ಅಕ್ಕರೆಯಿಂದ ನೋಡಿಕೊಂಡರು ಎಂದೂ ಅದೇ ಅಪ್ಪ ಬರೆದಿದ್ದಾನೆ.

ಯೂನಿಸ್ ಮಾಂಟ್ರಿಯಲ್ ಹತ್ತಿರದ ಕಾನವಾಗೆಯಲ್ಲಿ ಒಂದು ಮೋಹಾಕ್ ಕುಟುಂಬದ ಮಗಳಾದಳು. ಅಪ್ಪ, ಅಣ್ಣ ಬಿಡುಗಡೆಯಾಗಿ ಬಂದರು, ಅವಳು ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಮರೆತುಹೋಯಿತು. ಅಲ್ಲಿಯವನನ್ನೇ ಮದುವೆಯಾದಳು. 1740ರಿಂದೀಚೆಗೆ ಕೆಲವು ಸಲ ಗಂಡನ ಜೊತೆ ಅಣ್ಣ ಸ್ಟೀಫನ್‌ನನ್ನು ನೋಡಲು ಬಂದಳು. ಅಣ್ಣ ತಂಗಿ ಮಾತನಾಡಲು ನಡುವೆ ದುಭಾಷಿ ಬೇಕಾಯಿತು. ಇದ್ದುಬಿಡು ಎಂದರೂ ಒಪ್ಪದೆ ವಾಪಸು ಹೋದಳು. ಅಲ್ಲೇ 1785ರಲ್ಲಿ ಮುದುಕಿಯಾಗಿ ತೀರಿಕೊಂಡಳು.

ಮಗಳು ಇದನ್ನು ಓದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. "ದುಭಾಷಿ" ಎಂಬಲ್ಲಿಗೆ ಬಂದಾಗ ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಪುಟ್ಟನಿಗೆ ನಾನು ಹೇಳುವುದೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಗಳು ತಪ್ಪಿತಸ್ಥೆಯಂತೆ, "ಶನಿವಾರದ ಕನ್ನಡ ತರಗತಿಗೆ ಸೇರಿಸುತ್ತೇನಮ್ಮ" ಎಂದಳು. ನಾನು ಅವಳನ್ನು ಏನೂ ಕೇಳಿರಲಿಲ್ಲ.

ಹೊರಗೆ ಬೆಂಚಿನಲ್ಲಿ ಕೂತಿದ್ದ ಒಬ್ಬರು ವಯಸ್ಸಾದ ಸ್ವಯಂಸೇವಕಿ ಪುಟ್ಟನ ಶೂ ದಾರ ಕಟ್ಟಿಕೊಟ್ಟರು. ಮಾತಿಗೆ ಮಾತು ಬೆಳೆಯಿತು. ಈ ಕಡೆಯ ಹಳೆಯ ಮನೆಗಳನ್ನು ರಿಪೇರಿ ಮಾಡುವಾಗ ಹೊಗೆಗೂಡಿನ ಪಕ್ಕದಲ್ಲೋ ಗೋಡೆಯ ಒಳಗೋ ಒಂದೊಂದು ಶೂ ಸಿಗುತ್ತದಂತೆ. ಜೋಡಿಯಲ್ಲ, ಒಂಟಿ. ಹೊಸದಲ್ಲ, ಸವೆದು ಬೆರಳಿನ ಗುರುತು ಬಿದ್ದದ್ದು. ಅವುಗಳಲ್ಲಿ ಮಕ್ಕಳ ಶೂಗಳೇ ಬಹಳ. ಇಂಗ್ಲೆಂಡಿನಿಂದ ಬಂದ ಅಭ್ಯಾಸ. ಏಕೆ ಇಟ್ಟರೆಂದು ಯಾರೂ ಬರೆದಿಟ್ಟಿಲ್ಲ, ಕೆಟ್ಟದ್ದು ಒಳಗೆ ಬರದಿರಲೆಂದು ಇರಬಹುದು ಎಂದರು. ನನಗೆ ನಗು ಬಂತು. ನಮ್ಮ ಲಾರಿಗಳ ಹಿಂದೆ ಹಳೆಯ ಚಪ್ಪಲಿ ಏಕೆ ನೇತಾಡುತ್ತದೆಂದು ಅವರಿಗೆ ಹೇಳಿದೆ. "ದೃಷ್ಟಿ" ಎಂಬ ಪದವನ್ನು ಅವರು ಎರಡು ಸಲ ಹೇಳಿಸಿಕೊಂಡು ಕಲಿತರು.

ಅಂದರೆ ನನ್ನ ಸಂಶಯಕ್ಕೆ ಒಂದು ಅಪವಾದ ಸಿಕ್ಕಿತು. ಮಗು ಓಡಿ, ಕೆಸರು ತುಳಿದು, ಹಿಮ್ಮಡಿ ಸವೆಸಿದ ಶೂ ಉಳಿದಿದೆ. ಯಾರಿಗೂ ತೋರಿಸುವುದಕ್ಕಲ್ಲದೆ ಅಡಗಿಸಿ ಇಟ್ಟದ್ದರಿಂದ ಉಳಿದಿದೆ.

ಭಾನುವಾರ, ಮೆಡ್‌ಫರ್ಡ್

ಕೊನೆಯ ದಿನ ಬಾಸ್ಟನ್ ಸುತ್ತಾಡುವುದೆಂದಿತ್ತು. ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗು ಕಳೆದು, ನೋಡಿದ್ದು ಒಂದೇ, ಲಲಿತಕಲಾ ಸಂಗ್ರಹಾಲಯದಲ್ಲಿ 1670ರ ರಾಬರ್ಟ್ ಗಿಬ್ಸ್‌ನ ಚಿತ್ರ. ನಾಲ್ಕೂವರೆ ವರ್ಷದ ಗಂಡುಹುಡುಗ, ನೆಲಮುಟ್ಟುವ ಲಂಗ ತೊಟ್ಟಿದ್ದಾನೆ. ಆರೇಳು ವರ್ಷವಾದ ಮೇಲೆಯೇ ಆಗ ಹುಡುಗರಿಗೆ ಚಡ್ಡಿ. ಪುಟ್ಟ ಒಪ್ಪಲೇ ಇಲ್ಲ, ಅದು ಹುಡುಗಿಯೇ ಎಂದು ಹಟ ಹಿಡಿದ.

ಅಲ್ಲಿಂದ ಮೆಡ್‌ಫರ್ಡ್‌ನ ರಾಯಲ್ ಹೌಸ್‌ಗೆ. ಐಸಾಕ್ ರಾಯಲ್ ಎಂಬವನು ಆಂಟಿಗಾ ದ್ವೀಪದಲ್ಲಿ ಕಬ್ಬಿನ ತೋಟದಿಂದ ಗಳಿಸಿ, 1737ರಲ್ಲಿ 27 ಮಂದಿ ಗುಲಾಮರನ್ನು ಕರೆತಂದು ಇಲ್ಲಿ ನೆಲೆಸಿದ. ಮಗನ ಕಾಲಕ್ಕೆ ವೈಭವ ಇನ್ನೂ ಹೆಚ್ಚಿತು. ಮೂರಂತಸ್ತಿನ ಮನೆ, ಕೆತ್ತನೆಯ ಮರದ ಗೋಡೆ. ಅಂಗಳದ ಆಚೆ ಗುಲಾಮರ ಮನೆ. ಉತ್ತರದ ರಾಜ್ಯಗಳಲ್ಲಿ ಬೇರೆಯಾಗಿ ನಿಂತು ಉಳಿದಿರುವುದು ಇದೊಂದೇ ಎನ್ನುತ್ತಾರೆ. ದಕ್ಷಿಣದಲ್ಲಿ ಮಾತ್ರ ಗುಲಾಮಗಿರಿ ಇತ್ತೆಂದು ಪಾಠ ಮಾಡಿದವಳು ನಾನು. ಆ ಪಾಠ ಕೇಳಿದ ಮಕ್ಕಳನ್ನು ಈಗ ಎಲ್ಲಿ ಹುಡುಕಲಿ?

ಈ ಮನೆತನಕ್ಕಾಗಿ ಬೆಲಿಂಡಾ ಸಟನ್ ಎಂಬಾಕೆ ಗುಲಾಮಳಾಗಿ ಐವತ್ತು ವರ್ಷ ದುಡಿದಳು. ಅಮೆರಿಕದ ಕ್ರಾಂತಿಯ ಕಾಲದಲ್ಲಿ ಯಜಮಾನನಾಗಿದ್ದ ಮಗ ರಾಯಲ್ ಬ್ರಿಟಿಷರ ಕಡೆಯಾಗಿ ದೇಶ ಬಿಟ್ಟ. 1783ರಲ್ಲಿ, ಎಪ್ಪತ್ತರ ಆಸುಪಾಸಿನ ಬೆಲಿಂಡಾ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟಳು. ತನ್ನ ದುಡಿಮೆಯಿಂದ ಬೆಳೆದ ಆಸ್ತಿಯಲ್ಲಿ ತನಗೂ ಕಾಯಿಲೆಯ ಮಗಳು ಪ್ರೈನ್‌ಗೂ ಜೀವನಾಂಶ ಬೇಕೆಂದು ಕೇಳಿದಳು. ಅರ್ಜಿ ಶುರುವಾಗುವುದು ಅವಳ ಬಾಲ್ಯದಿಂದ: ಆಫ್ರಿಕದ ನದಿಯ ದಂಡೆ, ಮರಗಳ ತೋಪಿನಲ್ಲಿ ಅಪ್ಪ ಅಮ್ಮನ ಜೊತೆ ಪ್ರಾರ್ಥನೆ, ಹನ್ನೆರಡು ತುಂಬದ ಹುಡುಗಿ, ಗುಡುಗು ಮಿಂಚಿನಂಥ ಬಿಲ್ಲು ಬಾಣದ ಬಿಳಿಯರು. ಸಭೆ ವರ್ಷಕ್ಕೆ 15 ಪೌಂಡ್ 12 ಶಿಲಿಂಗ್ ಮಂಜೂರು ಮಾಡಿತು. ಅದು ಸರಿಯಾಗಿ ಕೈಸೇರದೆ ಆಕೆ ಮತ್ತೆ ಮತ್ತೆ ಅರ್ಜಿ ಹಾಕಬೇಕಾಯಿತು. ನಿವೃತ್ತಿಯ ಬಳಿಕ ಪಿಂಚಣಿಗಾಗಿ ಕಚೇರಿ ಅಲೆದ ನನಗೆ ಆ "ಮತ್ತೆ ಮತ್ತೆ"ಯ ತೂಕ ಸ್ವಲ್ಪವಾದರೂ ಗೊತ್ತು. ರಾಯಲ್ ಬಿಟ್ಟುಹೋದ ಆಸ್ತಿಯಿಂದ ಹಾರ್ವರ್ಡ್‌ನಲ್ಲಿ ಕಾನೂನಿನ ಮೊದಲ ಪ್ರಾಧ್ಯಾಪಕ ಪೀಠ ಬಂತು. ಅವನ ಮನೆತನದ ಲಾಂಛನದ ಮೂರು ಗೋಧಿಯ ಕಟ್ಟು ಅಲ್ಲಿನ ಕಾನೂನು ಶಾಲೆಯ ಲಾಂಛನದಲ್ಲಿ 2016ರವರೆಗೂ ಇತ್ತು.

ನಾಲ್ಕು ದಿನದಲ್ಲಿ ತೊಟ್ಟಿಲು ನೋಡಿದೆ, ಕಸೂತಿ ನೋಡಿದೆ, ಮುತ್ತಿನ ಸರದ ತಾಯಿಯನ್ನೂ ಕೊಡಲಿಯ ಬಾಗಿಲನ್ನೂ ನೋಡಿದೆ. ಪ್ರೈನ್ ಯಾವುದರಲ್ಲಿ ಮಲಗಿದಳು, ಏನು ಹಿಡಿದು ಆಡಿದಳು ಎಂದು ಇಲ್ಲಿ ಹುಡುಕಿದೆ. ನನಗೆ ಸಿಕ್ಕಿದ್ದು ತಾಯಿಯ ಅರ್ಜಿಯಲ್ಲಿನ ಹೆಸರು ಮಾತ್ರ.

ಹೊರಗೆ ಬಿಸಿಲು ಬಂದಿತ್ತು. ದೊಡ್ಡ ಮನೆಯ ಗೋಡೆಯಿಂದ ಗುಲಾಮರ ಮನೆಯ ಗೋಡೆಗೆ ಎಷ್ಟು ಹೆಜ್ಜೆ, ಎಣಿಸು ನೋಡೋಣ ಎಂದು ಪುಟ್ಟನಿಗೆ ಹೇಳಿದೆ. ಸುಮ್ಮನಿರಲಾರದವನಿಗೆ ಅದೊಂದು ಆಟ. ಗೋಡೆಗೆ ಬೆನ್ನು ಕೊಟ್ಟು ನಿಂತು, ನನ್ನ ಕಡೆ ನೋಡಿ, ಜೋರಾಗಿ ಶುರು ಮಾಡಿದ. ಒಂದು, ಎರಡು, ಮೂರು. ಮಗಳು ಮೊಬೈಲ್ ತೆಗೆದಳು. ಎಂಟು, ಒಂಬತ್ತು, ಹತ್ತು. ಅಲ್ಲಿ ಒಂದು ಕ್ಷಣ ನಿಂತ, ಕಾಲು ಮುಂದಿಟ್ಟ, "ಇಲೆವೆನ್" ಎಂದ.